ಹನ್ನೊಂದರ ರೀಡಿಂಗ್

ಅವನ ದನಿ ಮೊದಲ ಸಲ ನನ್ನ ಕಿವಿಗೆ ಬಿದ್ದಾಗ ಅದು ಚೂರುಚೂರಾಗಿತ್ತು.

"ಮೇ... ಅಂಕೋ... ನಿತೇ..."

"ಸ್ವಲ್ಪ ಬಿಡಿಸಿ ಹೇಳಿ. ಮೀನು ಕೊಚ್ಚಿದ ಹಾಗೆ ಹೇಳಿದರೆ ನನಗೆ ತಿಳಿಯುವುದಿಲ್ಲ," ಎಂದೆ.

ಆ ಕಡೆಯಿಂದ ನಗು ಬಂತು. ಅದೂ ತುಂಡುತುಂಡಾಗಿಯೇ.

ಕಾರವಾರದಲ್ಲಿ ಕಡಲಸಿರಿ ಸೇವಾ ಕೇಂದ್ರ ಎಂಬ ಖಾಸಗಿ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ನಾನು ತಾಂತ್ರಿಕ ಸಹಾಯಕಿ. ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿ ಕಳಿಸುವುದು ನಮ್ಮ ಸಂಸ್ಥೆಯ ಕೆಲಸ. ಕಾರವಾರದ ಕೌಂಟರಿನಲ್ಲಿ ಏಳು ನಿಮಿಷಕ್ಕೆ ಮುಗಿಯುವ ಅರ್ಜಿಗೆ ಅಂಕೋಲೆಯಲ್ಲಿ ಇಪ್ಪತ್ತು ನಿಮಿಷ ಬೇಕು ಎಂದು ದೂರು ಬಂದಿತ್ತು. ತಪ್ಪು ಕಂಪ್ಯೂಟರಿನದೋ, ಅದರ ಮುಂದೆ ಕೂತವನದೋ ಎಂದು ಒಂದು ತಿಂಗಳು ಅಂಕಿ ತೆಗೆದು ವರದಿ ಕೊಡು ಎಂದು ನನ್ನ ಮೇಲಿನ ಅಧಿಕಾರಿ ಭಾಸ್ಕರ ಸರ್ ನನಗೆ ಹೇಳಿದ್ದರು. ಕೂತವನೇ ಈ ನಿತೇಶ. ಅಂಕೋಲೆ ಹತ್ತಿರದ ಮಂಜಗುಣಿ ಊರಿನವನು. ಅವನ ಕಾಂಟ್ರ್ಯಾಕ್ಟು ಮಾರ್ಚ್ ಕೊನೆಗೆ ಮುಗಿಯುವುದರಲ್ಲಿತ್ತು.

ಅಂಕೋಲೆ ಕೇಂದ್ರದ ಹಳೇ ಕಟ್ಟಡದೊಳಗೆ ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ. ಹಾಗಾಗಿ ಅವನು ಕಂಪ್ಯೂಟರಿನ ಬ್ರೌಸರಿನಿಂದಲೇ ನನಗೆ ಕಾಲ್ ಮಾಡಬೇಕಿತ್ತು. ದಿನಕ್ಕೆ ಒಂದು ಸಲ, ಹನ್ನೊಂದು ಗಂಟೆಗೆ.

"ಶಿಫ್ಟ್ ಒತ್ತಿ ಹಿಡಿದು ಎಸ್ಕೇಪ್ ಒತ್ತಿ. ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ತದೆ ಅಂತ ಒಂದು ಪಟ್ಟಿ ಬರ್ತದೆ," ಎಂದು ಕಲಿಸಿದೆ. "ಬ್ರೌಸರ್ ಹೊರಗಿಂದ ಒಂದೇ ಕಾಣ್ತದೆ, ಆದರೆ ಒಳಗೆ ಒಂದೊಂದು ಟ್ಯಾಬಿಗೂ ಬೇರೆ ಬೇರೆ ಪ್ರೊಸೆಸ್. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ. ಯಾರು ಎಷ್ಟು ಕಟ್ಟಿಗೆ ಉರಿಸ್ತಾರೆ ಅಂತ ಒಬ್ಬೊಬ್ಬರನ್ನೇ ಕೇಳಬೇಕು."

"ಮೇಡಂ ಮನೆಯಲ್ಲಿ ಎಷ್ಟು ಒಲೆ?"

"ನೀವು ರೀಡಿಂಗ್ ಓದಿ."

ಮಾರನೇ ದಿನ ಅವನ ದನಿ ಎಷ್ಟು ತಿಳಿಯಾಗಿ ಬಂತೆಂದರೆ ನಾನು ಹೆಡ್‌ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ.

"ಅರ್ಜಿ ಟ್ಯಾಬ್ ನೂರಾ ಎಂಬತ್ತು ಎಂಬಿ. ಪ್ರಿಂಟ್ ಅರವತ್ತು. ನಮ್ಮ ಮಾತು ತೊಂಬತ್ತು."

"ನಮ್ಮ ಮಾತು ಅಂದ್ರೆ?"

"ಈ ಕಾಲ್. ಇದೂ ಒಂದು ಟ್ಯಾಬ್ ಅಲ್ಲ? ಇದಕ್ಕೂ ಭಾರ ಅದೆ ಮೇಡಂ."

ಪೆನ್ನಿನ ಕ್ಯಾಪು ಕಚ್ಚಿದೆ. "ದಾಖಲೆ ಟ್ಯಾಬ್? ಸ್ಕ್ಯಾನ್ ಟ್ಯಾಬ್?"

"ಅವು ಈಗ ಇಲ್ಲ."

ಇಲ್ಲ ಎಂದರೆ ಸೊನ್ನೆ ಎಂದುಕೊಂಡೆ. ಅಂಕಿ ಬರೆಯುವ ಹಾಳೆಯಲ್ಲಿ ಆ ಎರಡರ ಚೌಕಗಳಲ್ಲಿ ದುಂಡಗೆ ಸೊನ್ನೆ ಬರೆದೆ. ಆಮೇಲೆ ದಿನವೂ ಹಾಗೇ ಬರೆದೆ, ಪ್ರೀತಿಯಲ್ಲಿ ಬಿದ್ದವರ ಅಕ್ಷರ ದುಂಡಗಾಗುತ್ತದೋ ಏನೋ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ನಾನು ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಆ ಕಾಲ್‌ನಲ್ಲಿ ವಿಡಿಯೋ ಇರಲೇ ಇಲ್ಲ. ಮೂರು ಅಂಕಿ ಓದಲು ಅವನಿಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ಎರಡನೇ ವಾರಕ್ಕೆ ಮೇಡಂ ಹೋಗಿ ನಾಗಶ್ರೀ ಬಂತು. ನೀವು ಯಾವಾಗ ನೀನಾಯಿತು ಎಂದು ಇಬ್ಬರಿಗೂ ನೆನಪಿಲ್ಲ.

"ನಿನ್ನ ಕಾಲ್ ಇಟ್ಟ ಮೇಲೆ ಈ ಮಶೀನ್ ಶುದ್ಧ ಎಮ್ಮೆ ಮಾರಾಯ್ತಿ. ಒಂದು ಬಟನ್ ಒತ್ತಿ, ಚಾ ಕುಡ್ದು ಬರಬಹುದು."

"ಎಮ್ಮೆ ಮಶೀನೋ, ನೀನೋ?"

"ಮಶೀನೇ. ದೇವರಾಣೆ."

ನಾನು ನಗುತ್ತಿದ್ದೆ. ಅವನು ದಿನಕ್ಕೊಂದು ಹೊಸ ಉಪಮೆ ತಂದು ಅದೇ ದೂರು ಹೇಳುತ್ತಿದ್ದ. ನಾನು ಮತ್ತೆ ನಗುತ್ತಿದ್ದೆ.

ಒಂದು ಭಾನುವಾರ ಅವನು ಕಾರವಾರಕ್ಕೆ ಬಂದ. ಸಮುದ್ರದ ಬದಿಯ ಕಲ್ಲುಬೆಂಚಿನ ಮೇಲೆ ಕೂತೆವು. ಹೆಡ್‌ಫೋನಿನಲ್ಲಿ ಅಷ್ಟು ಮಾತಾಡುವವನಿಗೆ ಎದುರಿಗೆ ನಾಲಿಗೆಯೇ ಏಳಲಿಲ್ಲ. ನಾನು ಅಲೆಗಳನ್ನು ನೋಡುವಾಗ ನನ್ನನ್ನು ನೋಡುವುದು, ನಾನು ತಿರುಗಿದರೆ ತಟ್ಟನೆ ಚಪ್ಪಲಿ ನೋಡುವುದು. ಮೂರನೇ ಸಲ ಸಿಕ್ಕಿಬಿದ್ದಾಗ ಕಿವಿಯವರೆಗೂ ಕೆಂಪಾದ. ಹೊರಡುವಾಗ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟ.

"ಆಯಿ ಕೊಟ್ಟಿದ್ಳು. ಒಣ ಶೆಟ್ಲಿ. ನಿಂಗೆ ಅಂತ ಹೇಳ್ಲಿಲ್ಲ ನಾ. ಅವಳಿಗೇ ಗೊತ್ತಾಯ್ತು."

ಆ ಒಣಸಿಗಡಿಯ ವಾಸನೆ ಹೊತ್ತುಕೊಂಡು ಮಲ್ಲಾಪುರದ ಬಸ್ಸಿನಲ್ಲಿ ಅಪ್ಪನ ಕ್ವಾರ್ಟರ್ಸಿಗೆ ಹೋದೆ. ಇಡೀ ಬಸ್ಸು ನನ್ನನ್ನೇ ನೋಡಿತು. ಅಪ್ಪನಿಗೆ ಅಂದೇ ಎಲ್ಲ ಹೇಳಿಬಿಟ್ಟೆ. ಅಪ್ಪ ಕನ್ನಡಕ ತೆಗೆದು ಒರೆಸಿದ.

"ಹುಡುಗನ ಕೆಲಸ ಮುಂದುವರೀಲಿ. ಎಪ್ರಿಲ್‌ನಲ್ಲಿ ಮಂಜಗುಣಿಗೆ ಹೋಗುವ," ಎಂದ.

ಅಪ್ಪನಿಂದ ಅಷ್ಟು ಬಂದದ್ದೇ ಹೆಚ್ಚು. ಕಾಂಟ್ರ್ಯಾಕ್ಟು ಮುಂದುವರಿದರೆ ಮದುವೆ, ಇಲ್ಲದಿದ್ದರೆ ಇಲ್ಲ.

ಮಾರ್ಚ್ ಎರಡನೇ ವಾರ ಅಂಕಿಗಳನ್ನು ಕೂಡಿಸಿದೆ. ಅಂಕೋಲೆಯ ಬ್ರೌಸರಿನ ಭಾರ ಕಾರವಾರದ ಅರ್ಧವೂ ಇರಲಿಲ್ಲ. ಮೂರು ಸಲ ಕೂಡಿಸಿದರೂ ಅಷ್ಟೇ. ಅಂಥ ಹಗುರ ಮಶೀನು ಇಪ್ಪತ್ತು ನಿಮಿಷ ತೆಗೆದುಕೊಳ್ಳಲು ಸಾಧ್ಯವೇ ಇಲ್ಲ. ಹಾಗಾದರೆ?

ಉಳಿದದ್ದು ಅದರ ಮುಂದೆ ಕೂತವನೊಬ್ಬನೇ. ನನ್ನವನು ಎಂದು ಕಣ್ಣು ಮುಚ್ಚಿದರೆ ನನ್ನ ಕೆಲಸಕ್ಕೆ ಏನು ಮರ್ಯಾದೆ ಎಂಬ ಹಟ ನನಗೆ. ಆ ಹಟದ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ. "ಕಂಪ್ಯೂಟರಿನಲ್ಲಿ ದೋಷವಿಲ್ಲ. ವಿಳಂಬ ಆಪರೇಟರ್ ಕಡೆಯಿಂದ. ತರಬೇತಿ ಸೂಕ್ತ," ಎಂದು ಬರೆದು ಸಹಿ ಹಾಕಿದೆ. ತರಬೇತಿಗೆ ಕಾರವಾರಕ್ಕೆ ಬರುತ್ತಾನೆ, ನನ್ನ ಪಕ್ಕದಲ್ಲೇ ಕೂರುತ್ತಾನೆ ಎಂದುಕೊಂಡಿದ್ದೆ.

ಸಂಸ್ಥೆ ತರಬೇತಿ ಕೊಡಲಿಲ್ಲ. ಅವನ ಕಾಂಟ್ರ್ಯಾಕ್ಟು ಮುಂದುವರಿಸಲಿಲ್ಲ, ಅಷ್ಟೇ.

ಎಪ್ರಿಲ್ ಮೊದಲ ವಾರ, ಹೊಸಬರು ಬರುವ ಮುಂಚೆ ಕಂಪ್ಯೂಟರ್ ಸಿದ್ಧಮಾಡಲು ನನ್ನನ್ನೇ ಅಂಕೋಲೆಗೆ ಕಳಿಸಿದರು. ಅವನ ಕುರ್ಚಿಯಲ್ಲಿ ಕೂತು ಅರ್ಜಿಗೆ ಬೇಕಾದ ನಾಲ್ಕೂ ಟ್ಯಾಬ್ ತೆರೆದು, ಐದನೆಯದರಲ್ಲಿ ಭಾಸ್ಕರ ಸರ್‌ಗೆ ಕಾಲ್ ಮಾಡಿದೆ.

"ಏನ... ಶ್ರೀ... ಕೇಳ್ತಾ..."

ಪಟ್ಟಿ ತೆರೆದು ನೋಡಿದೆ. ದಾಖಲೆ ಟ್ಯಾಬ್ ಒಂದೇ ಒಂಬೈನೂರು ಎಂಬಿ ತಿನ್ನುತ್ತಿತ್ತು. ಸ್ಕ್ಯಾನ್ ಆರುನೂರು. ಬಾಣದ ಗುರುತು ಪರದೆಯ ಮೇಲೆ ಹೆಪ್ಪುಗಟ್ಟಿ ನಿಂತಿತ್ತು. ಆ ಎರಡನ್ನೂ ಮುಚ್ಚಿದೆ.

"ಹಾಂ, ಈಗ ಸರಿ ಕೇಳ್ತದೆ ನೋಡಮ್ಮ," ಎಂದರು ಭಾಸ್ಕರ ಸರ್, ಪಕ್ಕದಲ್ಲೇ ಕೂತವರಂತೆ.

ನನಗೆ ಅಳು ಕೂಡ ಬರಲಿಲ್ಲ. ನನ್ನ ದನಿ ಒಡೆಯದಿರಲಿ ಎಂದು ಅವನು ದಿನವೂ ಹನ್ನೊಂದಕ್ಕೆ ಭಾರದ ಟ್ಯಾಬುಗಳನ್ನು ಮುಚ್ಚಿ ನನಗೆ ಕಾಲ್ ಮಾಡಿದ್ದ. ಮುಚ್ಚಿದ ಟ್ಯಾಬಿನ ಪ್ರೊಸೆಸ್ ಪಟ್ಟಿಯಿಂದಲೇ ಹೋಗಿಬಿಡುತ್ತದೆ, ಅದರ ಅಂಕಿ ಮತ್ತೆ ಸಿಗುವುದಿಲ್ಲ. ಸಿಗದಿದ್ದುದನ್ನು ನಾನು ಸೊನ್ನೆ ಎಂದು ಬರೆದಿದ್ದೆ. ಅವನಿಗೆ ಗೊತ್ತಿರಲಿಲ್ಲ ಸರಿ. ಇದನ್ನೇ ಓದಿಕೊಂಡವಳು ನಾನು, ನನಗೆ ಗೊತ್ತಿರಬೇಕಿತ್ತು.

ಭಾಸ್ಕರ ಸರ್ ಪೂರ್ತಿ ಕೇಳಿಸಿಕೊಂಡರು. "ಯಾಕೆ ಮುಚ್ಚಿದ ಅಂತ ಕೇಳ್ತಾರೆ. ಜನರನ್ನ ಸಾಲಲ್ಲಿ ನಿಲ್ಲಿಸಿ ಹುಡುಗಿ ಹತ್ರ ಮಾತಾಡೂಕೆ ಅಂತ ಬರೀತೀಯಾ? ಬೇಡಮ್ಮ. ಅದು ಇನ್ನೂ ಕೆಟ್ಟದಾಗ್ತದೆ."

ಆದರೂ ಸಂಸ್ಥೆಗೆ ಎಲ್ಲ ಬರೆದೆ. ಅವರು ಹೇಳಿದ ಹಾಗೇ ಆಯಿತು. ನಿಧಾನ ಎಂಬುದರ ಜೊತೆಗೆ ಕೆಲಸಗಳ್ಳ ಎಂಬುದೂ ಅವನ ಹೆಸರಿಗೆ ಸೇರಿತು, ನನಗೊಂದು ಎಚ್ಚರಿಕೆಯ ಪತ್ರ ಬಂತು. ಅಪ್ಪ ಬೈಯಲಿಲ್ಲ. "ಆಯ್ತಲ," ಎಂದು ಒಳಗೆ ಹೋದ. ಮಂಜಗುಣಿಯ ಹೆಸರು ಮತ್ತೆ ಎತ್ತಲಿಲ್ಲ.

ಅಂಕೋಲೆ ಬಸ್ ಸ್ಟ್ಯಾಂಡಿಗೆ ಬಾ ಎಂದು ಅವನನ್ನು ಕರೆಸಿಕೊಂಡೆ. ಸಿಗಡಿ ಕೆರೆಯ ದಿನಗೂಲಿ ಕೆಲಸದಿಂದ ನೇರ ಬಂದಿದ್ದ. ಪ್ಯಾಂಟಿನ ಅಂಚಿನಲ್ಲಿ ಕೆಸರು ಒಣಗಿತ್ತು. ನಾನು ನಡೆದದ್ದೆಲ್ಲ ಹೇಳಿದೆ. ಅವನು ತಲೆ ಬಗ್ಗಿಸಿ ಕೇಳಿದ.

"ಟ್ಯಾಬ್ ಮುಚ್ಚಿದೆ ಅಂತ ಒಂದು ಮಾತು ಹೇಳಬಾರದಾಗಿತ್ತಾ ನಿತೇಶ?"

"ಹೇಳಿದ್ರೆ ನೀ ತೆರೆದಿಡು ಅಂತಿದ್ದೆ. ಆಮೇಲೆ ನಿನ್ನ ಮಾತು ಅರ್ಧ ಕೇಳ್ತಿತ್ತು, ಅರ್ಧ ಇಲ್ಲ. ಇಡೀ ದಿನದಲ್ಲಿ ನಂಗೆ ಅಂತ ಇದ್ದದ್ದು ಆ ಹತ್ತು ನಿಮಿಷ."

"ಕೆಲಸ ಹೋಗ್ತದೆ ಅಂತ ಗೊತ್ತಿದ್ದಿದ್ರೆ?"

"ಗೊತ್ತಿದ್ರೂ ಮುಚ್ತಿದ್ದೆ."

ಅದಕ್ಕಿಂತ ಬೇರೆ ಏನನ್ನು ಪ್ರೀತಿ ಎನ್ನುತ್ತಾರೋ ನನಗೆ ಗೊತ್ತಿಲ್ಲ. ಅಪ್ಪನ ಜೊತೆ ಮತ್ತೆ ಮಾತಾಡುತ್ತೇನೆ, ವರ್ಷವಾದರೂ ಕಾಯುತ್ತೇನೆ ಎಂದೆ. ಬಿಸಿಲಲ್ಲಿ ನಿಂತೇ ಎಂದೆ, ಸುತ್ತ ಜನರಿದ್ದರು, ನಾಚಿಕೆ ಆಗಲಿಲ್ಲ. ಅವನು ನನ್ನ ಮುಖವನ್ನೇ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಒಂದು ಕೇಳ್ತೆ. ನಿಜ ಹೇಳು. ಆ ವರದಿ ಬರೀವಾಗ, ಅಂಕಿ ಹಾಗೆ ಬಂತು ಅಂತ ಬರದ್ಯಾ? ಇಲ್ಲಾ ನಾನೇ ನಿಧಾನ ಅಂತ ನಿಂಗೂ ಅನಿಸಿತ್ತಾ?"

ದಾಟಿಹೋಗಲು ದಾರಿಯನ್ನು ಅವನೇ ತೋರಿಸಿದ್ದ. ಅಂಕಿ ಹಾಗೆ ಬಂತು ಎಂದರೆ ಮುಗಿಯುತ್ತಿತ್ತು. ಆದರೆ ನಿಜ ಹೇಳು ಎಂದಿದ್ದನಲ್ಲ.

"ಅನಿಸಿತ್ತು," ಎಂದೆ.

ಅವನು ನಿಧಾನಕ್ಕೆ ತಲೆಯಾಡಿಸಿದ. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ತಿಂಗಳಿಡೀ ಹೇಳ್ದೆ, ಮಶೀನ್ ಸರಿ ಇಲ್ಲ ಅಂತ. ನೀ ನಗ್ತಿದ್ದೆ. ಆ ನಗು ಕೇಳೂಕೆ ಅಂತ ಮತ್ತೆ ಮತ್ತೆ ಹೇಳ್ತಿದ್ದೆ ನಾನು. ನೀ ನಂಬ್ಲಿಲ್ಲ ಅನ್ನೂದು ನಂಗೆ ತಿಳೀಲೇ ಇಲ್ಲ."

ಕಾರವಾರದ ಬಸ್ಸು ಬಂತು. ಅವನೇ ಮುಂದೆ ನುಗ್ಗಿ ಕಿಟಕಿಯೊಳಗಿಂದ ಕರವಸ್ತ್ರ ಹಾಕಿ ನನಗೆ ಸೀಟು ಹಿಡಿದ. ನಾನು ಕೂತ ಮೇಲೆ ಕರವಸ್ತ್ರ ಕೊಡು ಎಂದು ಕೈ ಚಾಚಿದ. ಇರಲಿ, ನನ್ನ ಹತ್ತಿರ ಇರಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮಡಚಿ ಅವನ ಕೈಗಿಟ್ಟೆ.

"ಬರಬೇಡ ಇನ್ನು," ಎಂದ, ಮೆಲ್ಲಗೆ. "ನೀ ಬಂದ್ರೆ ನಾ ನೋಡೂಕೆ ಬಂದೇ ಬರ್ತೆ. ಆಮೇಲೆ ಇಬ್ರಿಗೂ ಕಷ್ಟ."

ಬಸ್ಸು ಅವರ್ಸಾ ಊರು ದಾಟುವವರೆಗೂ ನಾನು ಟಿಕೆಟು ಕೇಳಲಿಲ್ಲ, ಕಂಡಕ್ಟರನೂ ಬಂದು ನನ್ನ ಮುಖ ನೋಡಿ ಮುಂದೆ ಹೋದ. ಇಲ್ಲ ನಿತೇಶ, ಒಂದು ಗಳಿಗೆಯೂ ಅನಿಸಿರಲಿಲ್ಲ ಎಂದು ನಾನು ಹೇಳಿದ್ದರೆ ಅವನು ನಂಬುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಅವನು ನಂಬಿದ್ದ.