ಕೌದಿ ಹೆಚ್ಚ್ಯಾವ!

"ಸಮೀವುಲ್ಲಾ ಅಂದ್ರ ಯಾರು?"

ಗದಗಿನ ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಸಣ್ಣ ಆಫೀಸು. ಬಾಗಿಲಲ್ಲಿ ನಿಂತ ಹುಡುಗಿಯ ದುಪಟ್ಟಾ ಬಸ್ಸಿನ ಧೂಳಿಗೆ ಕೆಂಪಾಗಿತ್ತು. ಮುಖ ಅದಕ್ಕಿಂತ ಕೆಂಪಾಗಿತ್ತು.

ಲ್ಯಾಪ್‌ಟಾಪ್ ಹಿಂದಿನಿಂದ ಒಬ್ಬ ಗಡಬಡಿಸಿ ಎದ್ದ. "ನಾನ ರೀ... ನೀವು?"

"ಶಿರಹಟ್ಟಿ ನೂರೀನ!"

ನಾಲ್ಕು ತಿಂಗಳಿಂದ ದಿನವೂ ಫೋನಿನಲ್ಲಿ ಮಾತಾಡಿದವರು ಎದುರುಬದುರಾದದ್ದು ಇದೇ ಮೊದಲು. ಅವಳು ತುಂಡು ಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿಸಿ ಆನ್‌ಲೈನಿನಲ್ಲಿ ಮಾರುತ್ತಿದ್ದಳು. ಅವನು ಅದಕ್ಕೆ ಜಾಹೀರಾತು ಮಾಡುತ್ತಿದ್ದ. ಎಷ್ಟು ಚಂದ ಅದಾಳ... ಅಂದುಕೊಳ್ಳುವುದಕ್ಕೂ ಅವನಿಗೆ ಪುರುಸೊತ್ತು ಸಿಗಲಿಲ್ಲ.

"ಎರಡ ದಿನದಾಗ ಅರವತ್ನಾಕ ಆರ್ಡರ್! ಮನ್ಯಾಗ ಒಂದ ಕೌದಿ ಇಲ್ಲ. ಯಾರ್ನ ಕೇಳಿ ಸೇಲ್ ಹಾಕಿದ್ರಿ?"

"ನೀವ ಹೇಳಿದ್ರಲ್ರಿ!"

ಅವನು ಫೋನನ್ನು ಮುಂದೆ ಹಿಡಿದ. ಅವಳದೇ ಮೆಸೇಜು... 'ದೊಡ್ಡ ಕೌದಿ ಹೆಚ್ಚ್ಯಾವ. ಜಲ್ದಿ ಏನರ ಮಾಡ್ರಿ.'

"ಹೆಚ್ಚ್ಯಾವ ಅಂದ್ರಿ. ಮಾಲು ಉಳದೈತಿ ಅಂತ ತಿಳಕೊಂಡು ರೇಟ್ ಇಳಿಸಿದೆ."

ನೂರೀನಳಿಗೆ ನೆತ್ತಿ ಉರಿಯಿತು!

ಅವಳ ಕಡೆಯ ಮನೆಗಳಲ್ಲಿ ಯಾವುದನ್ನೂ ಮುಗಿಯಿತು ಅನ್ನುವ ಹಾಗಿಲ್ಲ, ಅಪಶಕುನ. ಅಕ್ಕಿ ತೀರಿದರೆ 'ಅಕ್ಕಿ ಹೆಚ್ಚ್ಯಾವ' ಅನ್ನಬೇಕು. ಬಳೆ ಒಡೆದರೂ 'ಬಳಿ ಹೆಚ್ಚ್ಯಾವ.' ಕೌದಿ ಮುಗಿದಿವೆ, ಜಾಹೀರಾತು ನಿಲ್ಲಿಸಿ ಅಂತ ಪಾಪ, ಅವಳು ಬರೆದದ್ದು!

"ಎಳೀ ಕೂಸಿಗೂ ತಿಳಿಯೂ ಮಾತಿದು. ಗೊತ್ತಿಲ್ಲ ಅಂತ ನಾಟಕ ಮಾಡ್ತೀರೇನು? ಮಾರಿದ್ರ ನಿಮಗ ಕಮಿಷನ್ ಬರತೈತಿ, ಅದಕ್ಕ ಮಾಡೀರಿ!"

ಅವನ ಮುಖ ಬಾಡಿತು. ಲ್ಯಾಪ್‌ಟಾಪ್ ಮುಚ್ಚಿಟ್ಟ.

"ಕಮಿಷನ್ ಬ್ಯಾಡ್ರಿ. ಎಲ್ಲಾರ ರೊಕ್ಕ ವಾಪಸ್ ಕಳಸೂಣು."

"ಅಷ್ಟೂ ಆರ್ಡರ್ ರದ್ದಾದ್ರ ಆ್ಯಪಿನವರು ನಮ್ಮ ಅಂಗಡೀನ ಬಂದ್ ಮಾಡ್ತಾರ! ಹನ್ನೊಂದು ಮಂದಿ ಹೆಣಮಕ್ಕಳು ಕೂಲಿ ಬಿಟ್ಟು ಸೂಜಿ ಹಿಡದಾರ. ನನ್ನ ನಂಬಿ..." ದುಪಟ್ಟಾ ಸರಿಮಾಡಿಕೊಂಡಳು. "ಕಾಯ್ತೀರೇನು ಅಂತ ಎಲ್ಲಾರನ್ನೂ ಕೇಳ್ತೀನಿ. ಒಪ್ಪಿದವರದು ಒಂದ ಆರ್ಡರೂ ಬಿಡಂಗಿಲ್ಲ. ನೋಡ್ತಿರ್ರಿ!"

ದಡದಡನೆ ಮೆಟ್ಟಿಲಿಳಿದು ಹೋದಳು.

ಬಸ್ಸು ನಡುದಾರಿಯ ಸೊರಟೂರು ದಾಟುವವರೆಗೂ ಸಿಟ್ಟಿತ್ತು. ಆಮೇಲೆ ಶುರುವಾದದ್ದು ಸಂಕಟ.

'ಪಾರ್ಸಲ್ ಬಾಗಿಲಿಗೆ ಬಂದ ಮ್ಯಾಲೆ ರೊಕ್ಕ ಕೊಡ್ತೀನನ್ನೂ ಗಿರಾಕೀನ ನಂಬಬ್ಯಾಡ್ರಿ' ಅಂತ ಮೊದಲ ದಿನವೇ ಹೇಳಿದವನು ಇವನೇ. ಆಗ ಹತ್ತು ಪಾರ್ಸಲ್ ಕಳಿಸಿದರೆ ನಾಲ್ಕು ಮರಳಿ ಬರುತ್ತಿದ್ದವು, ಹೋಗಿ ಬರುವ ಖರ್ಚು ಅವಳ ತಲೆಗೆ. ಮೊದಲೇ ರೊಕ್ಕ ಕೊಟ್ಟವರಿಗೆ ಒಂದು ತಲೆದಿಂಬಿನ ಚೀಲ ಪುಕ್ಕಟೆ ಅಂತ ಇವನು ಹಾಕಿಸಿದ. ವಾಪಸಾತಿ ನಿಂತಿತು. ಕೈಯಲ್ಲಿ ನಾಲ್ಕು ಕಾಸು ಆಡಿದವು.

ಇಂಥವನು ಮೋಸ ಮಾಡಿದನೇ?

ಮರುದಿನ ಬೆಳಿಗ್ಗೆ, ಹನ್ನೊಂದು ಮಂದಿಯಲ್ಲಿ ಒಬ್ಬಳಾದ ದಾವಲಬಿ ಖಾಲಾ ಹೊಲಿಯುತ್ತ ಕೂತಿದ್ದಾಗ ಅವಳ ಪಕ್ಕ ಕೂತು ನೂರೀನ ತನ್ನ ವಿಡಿಯೊ ತಾನೇ ಮಾಡಿ, ಗಿರಾಕಿಗಳಿಗೆಲ್ಲ ಕಳಿಸಿ, ಆನ್‌ಲೈನಿಗೂ ಹಾಕಿದಳು.

"ನಮ್ಮ ಕಡೆ ಯಾವುದನ್ನೂ ಮುಗೀತು ಅನ್ನಂಗಿಲ್ರಿ, ಹೆಚ್ಚ್ಯಾವ ಅಂತೀವಿ. ನಮ್ಮ ಕೌದಿ ಹೆಚ್ಚ್ಯಾವ. ಇಲ್ಲದ ಮಾಲು ಮಾರಿದ್ದು ನನ್ನ ತಪ್ಪು. ನಲವತ್ತೈದು ದಿನ ಕಾಯ್ತೀರಂದ್ರ ನಿಮ್ಮ ಸಲುವಾಗಿನ ಹೊಲಿತೀವಿ, ಹೊಲದಾಕಿ ಹೆಸರು ಮೂಲ್ಯಾಗ ಇರತೈತಿ. ಆಗೂದಿಲ್ಲಂದ್ರ ಪೂರಾ ರೊಕ್ಕ ವಾಪಸ್!"

ಸಂಜೆಯ ಹೊತ್ತಿಗೆ ಒಂಬತ್ತು ಮಂದಿ ರೊಕ್ಕ ಕೇಳಿದರು. ಐವತ್ತೈದು ಮಂದಿ ಕಾಯುತ್ತೇವೆ ಅಂದರು. ಹನ್ನೊಂದು ಜನ ಹೊಲಿಯುವವರು, ತಲೆಗೆ ಐದು!

ಗದಗಿನಲ್ಲಿ ಸಮೀವುಲ್ಲಾ ಆ ವಿಡಿಯೊ ಮೂರು ಸಲ ನೋಡಿದ. 'ನನ್ನ ತಪ್ಪು' ಅಂದಾಳ. ನನ್ನ ಹೆಸರು ಎತ್ತಿಲ್ಲ...

ಮಾರನೆಯ ದಿನ ಮೊದಲ ಬಸ್ಸಿಗೆ ಶಿರಹಟ್ಟಿಯಲ್ಲಿ ಇಳಿದ. ಬೆನ್ನ ಮೇಲೆ ಬೆಟಗೇರಿ ಅಂಗಡಿಗಳಿಂದ ತಂದ ತುಂಡು ಬಟ್ಟೆಯ ಗಂಟು!

"ಯಾಕ ಬಂದೀರಿ?" ನೂರೀನ ಸೂಜಿಯಿಂದ ಕಣ್ಣೆತ್ತಲಿಲ್ಲ.

"ಲೆಕ್ಕ ಹೇಳಾಕ. ಬಂದ ರೊಕ್ಕ ಮೂರು ಪಾಲು ಮಾಡ್ರಿ. ಒಂದು ಪಾಲು ಮುಟ್ಟಬ್ಯಾಡ್ರಿ, ಯಾರರ ವಾಪಸ್ ಕೇಳಿದ್ರ ಬೇಕು. ಒಂದು ಬಟ್ಟಿಗೆ, ಪಾರ್ಸಲ್‌ಗೆ. ಒಂದು ಶನಿವಾರದ ಶನಿವಾರ ಪಗಾರಕ್ಕ. ಜಾಹೀರಾತು ಪೂರಾ ಬಂದ್. ಕಾಯೋರಿಗೆ ವಾರಕ್ಕೊಂದು ಫೋಟೊ ಕಳಸೂಣು, ಅವರ ಕೌದಿ ಎಲ್ಲೀತನಕ ಬಂದೈತಿ ಅಂತ."

ಮಾತು ಸರಿ ಇತ್ತು. ಹಾಳಾದ ಮನುಷ್ಯ, ಯಾವಾಗಲೂ ಸರಿಯಾದದ್ದನ್ನೇ ಹೇಳುತ್ತಾನೆ!

ದಿನಾ ಬಂದ. ಬಟ್ಟೆ ಕತ್ತರಿಸಿದ, ಫೋಟೊ ತೆಗೆದ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡ. ಅವಳು ಕೆಲಸದ ಮಾತಷ್ಟೇ ಆಡಿದಳು.

ಹನ್ನೆರಡನೆಯ ದಿನ ಮುಸ್ಸಂಜೆ ಕರೆಂಟು ಹೋಗಿ, ಕಂದೀಲು ಹಚ್ಚಿ ಹೊಲಿಯುತ್ತಿದ್ದಾಗ ಕರೆಂಟು ಬಂತು. ನೂರೀನಳ ಅಮ್ಮಿ ಮಾಸುಮಬಿ ಒಳಗಿನಿಂದ ಕೂಗಿದಳು.

"ಬೇಟಾ, ಕಂದೀಲು ದೊಡ್ಡದು ಮಾಡಪ!"

ಸಮೀವುಲ್ಲಾ ಎದ್ದು ವಿಧೇಯನಾಗಿ ಬತ್ತಿ ಏರಿಸಿದ. ಭಗ್ಗನೆ ಉರಿದು ಗಾಜೆಲ್ಲ ಕಪ್ಪಾಯಿತು!

ಹೆಂಗಸರು ಬಿದ್ದುಬಿದ್ದು ನಕ್ಕರು. "ಅಯ್ಯ ನಮ್ಮಪ್ಪ, ದೊಡ್ಡದು ಮಾಡು ಅಂದ್ರ ಆರಿಸು ಅಂತ!" ಅಂದಳು ಶಾರದವ್ವ.

ನೂರೀನ ನಗಲಿಲ್ಲ. ಅವಳ ಸೂಜಿ ನಿಂತಿತ್ತು. ಖರೇನ ಗೊತ್ತಿಲ್ಲ ಇವರಿಗೆ...

"ನಿಮ್ಮ ಮನ್ಯಾಗ ಹಿಂಗ ಅನ್ನಂಗಿಲ್ಲೇನ್ರಿ?" ಮೆಲ್ಲಗೆ ಕೇಳಿದಳು.

ಅವನು ಕಪ್ಪಾದ ಗಾಜು ಒರೆಸುತ್ತಲೇ ಹೇಳಿದ. "ನಾ ಎರಡು ವರ್ಷದವ ಇದ್ದಾಗ ಅಮ್ಮಿ ತೀರ್ಕೊಂಡ್ರು. ಅಬ್ಬಾ ಲಾರಿ ಡ್ರೈವರ್, ಊರಾಗ ಇರ್ತಿದ್ದಿಲ್ಲ. ನಾ ಬೆಳದದ್ದು ಬಳ್ಳಾರಿ ಹಾಸ್ಟೆಲ್‌ನಾಗ. ಅಲ್ಲಿ ಅನ್ನ ಮುಗದ್ರ 'ಖಾಲಿ' ಅಂತಿದ್ರು, ಅಷ್ಟ."

ಎಳೀ ಕೂಸಿಗೂ ತಿಳಿಯುವ ಮಾತು ಅಂದಿದ್ದಳಲ್ಲ! ಆ ಕೂಸಿಗೆ ಹೇಳಿಕೊಡುವವರೇ ಇರಲಿಲ್ಲ. ನೂರೀನಳ ಕಣ್ಣು ತುಂಬಿ ಬಂತು.

"ಅವತ್ತ ಯಾಕ ಹೇಳ್ಲಿಲ್ಲ?"

"ಅಮ್ಮಿ ಇಲ್ಲ ಅಂತ ಹೇಳಿ ಮಾಫಿ ಕೇಳೂದು... ಸರಿ ಅನಸ್ಲಿಲ್ರಿ."

ಮಾಸುಮಬಿ ಚಹಾ ತಂದವಳು ಅವನ ತಲೆ ಸವರಿದಳು. "ಇನ್ನ ಎಲ್ಲಾ ಮಾತೂ ನಾ ಕಲಸ್ತೀನಿ ಬೇಟಾ, ಚಹಾ ಕುಡಿ."

ನಲವತ್ಮೂರನೆಯ ದಿನ ಐವತ್ತೈದನೆಯ ಪಾರ್ಸಲ್ ಅಂಚೆ ಕಚೇರಿಯ ಕಿಟಕಿ ದಾಟಿತು. ಎರಡು ದಿನ ಮೊದಲೇ! ಅಷ್ಟರಲ್ಲಿ ವಿಡಿಯೊ ಎಲ್ಲೆಲ್ಲಿಗೋ ಹೋಗಿ, ಮುಂಗಡ ಕೊಟ್ಟು ಕಾಯುವವರು ಇನ್ನೂ ಮೂವತ್ತೆಂಟು ಮಂದಿ ಆಗಿದ್ದರು. ಮೊದಲು ಆರ್ಡರ್, ಆಮೇಲೆ ಹೊಲಿಗೆ. ಇನ್ನು ಮುಂದೆ ಅಂಗಡಿಯ ರೀತಿಯೇ ಅದು.

ಹೊರಗೆ ಬಂದ ಮೇಲೆ ನೂರೀನ ಚೀಲದಿಂದ ಒಂದು ಕೌದಿ ತೆಗೆದಳು. ಮೂಲೆಯಲ್ಲಿ ಕೆಂಪು ದಾರದ ಅಕ್ಷರ, 'ನೂರೀನ.'

"ಇದು ಲೆಕ್ಕದಾಗ ಇಲ್ಲಲ್ರಿ?" ಅವನು ಆ ಅಕ್ಷರದ ಮೇಲೆ ಬೆರಳಾಡಿಸಿದ. "ಯಾರ ಆರ್ಡರ್?"

"ನಿಮ್ಮದ. ರೊಕ್ಕ ಬಂದಿಲ್ಲ ಅಷ್ಟ."

"ಬಾಗಿಲಿಗೆ ಬಂದ ಮ್ಯಾಲೆ ಕೊಡೋ ಗಿರಾಕೀನ ನಂಬಬ್ಯಾಡ್ರಿ ಅಂತ ನಾನ ಹೇಳಿದ್ದೆ."

"ನಾ ನಂಬೀನಿ. ನಮ್ಮ ಬಾಗಿಲಿಗೆ ನೀವ ಬರ್ರಿ... ನಿಮ್ಮ ಅಬ್ಬಾನ ಕರ್ಕೊಂಡು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆದ ಮೇಲೆ ಕೌದಿಯನ್ನು ಎದೆಗೊತ್ತಿಕೊಂಡ.

"ನೂರೀನ... ನನ್ನ ಮ್ಯಾಲಿನ ಸಿಟ್ಟು?"

"ಹೆಚ್ಚೈತಿ."

ಈ ಸಲ ಅವನು ತಪ್ಪು ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ನಕ್ಕ.

"ಮತ್ತ... ಪ್ರೀತಿ?"

ಅವಳು ದುಪಟ್ಟಾದ ಅಂಚು ತುಟಿಗೆ ಒತ್ತಿಕೊಂಡಳು.

"ಅದು ಯಾವತ್ತೂ ಹೆಚ್ಚಂಗಿಲ್ರಿ."