ಬಟನಿಗೆ ಸಿಕ್ಕಿದ ಮಣಿಬಳೆ

"ಹಲೋ! ನಿಲ್ಲಿ! ನನ್ನ ಬಳೆ... ನಿಮ್ಮ ಅಂಗಿಯಲ್ಲಿ!"

ಹಸ್ನಾ ಕೂಗಿದ ಕೂಗಿಗೆ ಅವಳು ಕೂತಿದ್ದ ಜೆಪ್ಪುವಿನ ಸಿಟಿ ಬಸ್ಸು ಮಾತ್ರವಲ್ಲ, ಬಜಪೆಯಲ್ಲಿ ಇಳಿಯಲಿದ್ದ ವಿಮಾನವೂ ಅರೆಕ್ಷಣ ಗಾಳಿಯಲ್ಲೇ ನಿಂತಿತು. ನಂಬದವರು ಆ ಬಸ್ಸಿನ ಕಂಡಕ್ಟರನ್ನು ಕೇಳಿ. ಅವನ ಬಲಗಿವಿ ಇವತ್ತಿಗೂ ಸರಿಯಾಗಿಲ್ಲ!

ನಿಲ್ಲಬೇಕಾದವನು ಮಾತ್ರ ನಿಲ್ಲಲಿಲ್ಲ. ನೀಲಿ ಅಂಗಿಯವನು ಫಳ್ನೀರಿನಲ್ಲಿ ಇಳಿದು, ಜನರ ನೂಕುನುಗ್ಗಲಿನಲ್ಲಿ ನಡೆದೇಬಿಟ್ಟ. ಅವನ ತೋಳಿನ ಬಟನಿಗೆ ಅವಳ ನೂಲಿನ ತುದಿ ಸಿಕ್ಕಿಕೊಂಡಿತ್ತು.

ಕ್ರೋಶಾ ಕಡ್ಡಿಯಲ್ಲಿ ಹೆಣೆದ ಬಳೆಗೆ ಒಂದೇ ದೌರ್ಬಲ್ಯ. ಕೊನೆಯ ಗಂಟು ಹಾಕುವ ಮೊದಲು ಯಾರಾದರೂ ನೂಲು ಎಳೆದರೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಕಡುಗೆಂಪಿನಿಂದ ಬಿಳಿಗೆ ಇಳಿಯುವ ಆ ಮಣಿಗಳ ಸಾಲು ಅವಳ ಮಡಿಲಲ್ಲೇ ಕರಗತೊಡಗಿತು!

ಯಾ ಅಲ್ಲಾಹ್... ಇವತ್ತೇ ಆಗಬೇಕಿತ್ತಾ?

ಮದುವೆ ಬಟ್ಟೆಯ ಅಂಗಡಿಯ ಮುಮ್ತಾಝ್ ಮಾಮಿಗೆ ಇವತ್ತೇ ಈ ಬಳೆ ತೋರಿಸಬೇಕಿತ್ತು. ಅವರು ಒಪ್ಪಿದರೆ ಹಸ್ನಾಳ ಬಳೆಗಳು ಅಂಗಡಿಯ ಶೋಕೇಸಿಗೆ. ಒಪ್ಪದಿದ್ದರೆ, ಹೆತ್ತ ಉಮ್ಮನಿಗೆ ಕೊಟ್ಟ ಮಾತಿನಂತೆ ಕ್ರೋಶಾ ಕಡ್ಡಿ ಪೆಟ್ಟಿಗೆಗೆ, ಹಸ್ನಾ ಸೋದರಮಾವನ ಸಿಮೆಂಟ್ ಅಂಗಡಿಯ ಕೆಲಸಕ್ಕೆ.

ಬಸ್ಸಿನಿಂದ ಹಾರಿದಳು. ನೂಲು ಎಳನೀರು ಬೊಂಡದ ಗಾಡಿಯನ್ನು ಸುತ್ತಿ, ಮೆಡಿಕಲ್ ಶಾಪಿನ ಕ್ಯೂವನ್ನು ಸೀಳಿ, ಒಂದು ಗಾಜಿನ ಬಾಗಿಲೊಳಗೆ ನುಗ್ಗಿತ್ತು. ಬೋರ್ಡನ್ನೂ ನೋಡದೆ ಹಿಂದೆಯೇ ಅವಳೂ ನುಗ್ಗಿದಳು.

ನೀಲಿ ಅಂಗಿಯವನು ಬೊಗಸೆ ತುಂಬ ಮಣಿನೂಲಿನ ರಾಶಿ ಹಿಡಿದು ನಿಂತಿದ್ದ.

"ಎಂತ ಮಾರಾಯ್ರೆ ನೀವು! ಕಿವಿ ಕೇಳುದಿಲ್ವಾ? ಬಳೆ ಇಡೀ ಬಿಚ್ಚಿ ಹಾಕಿದ್ರಲ್ಲ! ನೂಲು ಕತ್ತರಿಸ್ಲಿಕ್ಕೆ ಒಂದು ಕತ್ತರಿ ಸಿಗ್ಲಿಲ್ವಾ?"

"ಕತ್ತರಿ..."

"ಮಾತಾಡ್ಬೇಡಿ!"

ಕೌಂಟರಿನ ಹಿಂದಿನಿಂದ ದಪ್ಪ ಕನ್ನಡಕವೊಂದು ಮೇಲೆದ್ದಿತು. "ಅಝರ್, ಯಾರಿದು?"

"ನೀವು ಕಾಯ್ತಿದ್ದ ಬಳೆಯವರು ಇರ್ಬೇಕು, ಉಮ್ಮ."

"ಹೌದಾ? ಬಳೆ ಎಲ್ಲುಂಟು?"

"ನಿಮ್ಮ ಮಗನ ಅಂಗಿಯಲ್ಲುಂಟು!" ಎಂದ ಮೇಲೆಯೇ ಹಸ್ನಾಳಿಗೆ ಹೊಳೆದದ್ದು... ಇವರೇ ಮುಮ್ತಾಝ್ ಮಾಮಿ! ತಾನು ಬೈದದ್ದು ಅವರ ಮಗನನ್ನು!

ಮುಗಿಯಿತು. ಸಿಮೆಂಟೇ ಗತಿ.

ಆದರೆ ನೂಲಿನ ಕಡೆ ನೋಡಿದಳು. ಮಣಿ ಒಂದೂ ಬಿದ್ದಿರಲಿಲ್ಲ! ಒಂದು ವಾರ ಹಿಡಿದದ್ದು ಬಣ್ಣದ ಲೆಕ್ಕ ತಪ್ಪದಂತೆ ಮಣಿ ಪೋಣಿಸಲಿಕ್ಕೆ. ಹೆಣೆಯಲಿಕ್ಕೆ ಒಂದು ಮಧ್ಯಾಹ್ನ ಸಾಕು.

"ಒಂದು ಸ್ಟೂಲ್ ಕೊಡಿ ಮಾಮಿ. ನಿಮ್ಮೆದುರೇ ಹೆಣೀತೇನೆ." ಅಝರನ ಕಡೆ ತಿರುಗಿದಳು. "ನೀವು ಅಲುಗಾಡಿದ್ರೆ ಉಂಟು ನಿಮಗೆ!"

ಆಮೇಲೆ ನಡೆದದ್ದನ್ನು ನೋಡಲು ಫಳ್ನೀರಿನ ಆಸ್ಪತ್ರೆಗಳಿಂದ ರೋಗಿಗಳೂ ಎದ್ದು ಬಂದರು. ಅವಳ ಬೆರಳಿನ ವೇಗ ಕಂಡು ಅಂಗಡಿಯ ಫ್ಯಾನು ನಾಚಿ ನಿಂತಿತು. ಕರೆಂಟ್ ಹೋಗಿತ್ತು ಎನ್ನುವವರು ಹೊಟ್ಟೆಕಿಚ್ಚಿನವರು!

ಒಂದೊಂದು ಸುತ್ತಿಗೂ ಬಳೆ ಬೆಳೆಯಿತು. ನೂಲು ಗಿಡ್ಡವಾಯಿತು. ನೂಲು ಗಿಡ್ಡವಾದಂತೆ ಅಝರ್ ಹತ್ತಿರ ಬರಬೇಕಾಯಿತು. ಮೊದಲು ಕೌಂಟರಿನ ಪಕ್ಕ, ಆಮೇಲೆ ಸ್ಟೂಲಿನ ಪಕ್ಕ, ಕೊನೆಗೆ ಅವಳ ಉಸಿರು ಅವನ ತೋಳಿಗೆ ತಾಗುವಷ್ಟು...

ಇಷ್ಟು ಹತ್ತಿರದಿಂದ ನೋಡ್ಬಾರದು ಹಸ್ನಾ, ಬಣ್ಣ ತಪ್ಪುತ್ತದೆ!

ತಪ್ಪಲಿಲ್ಲ. ಬಳೆ ಸಂಜೆಯ ಪಣಂಬೂರು ಕಡಲಿನಂತೆ ಮಿನುಗಿತು.

"ಅಬ್ಬಾ! ಇದು ನನಗೇ ಬೇಕು!" ಬ್ಲೌಸ್ ಅಳತೆಗೆ ಬಂದಿದ್ದ ಮದುಮಗಳು ಪ್ರಾಪ್ತಿ ಕೈ ಚಾಚಿದಳು.

"ಇದು ಮಾರ್ಲಿಕ್ಕಿಲ್ಲ," ಎಂದ ಅಝರ್.

ಹಸ್ನಾಳ ಕಣ್ಣು ತುಂಬಿತು. "ಇಷ್ಟ ಇಲ್ಲದಿದ್ರೆ ಮೊದಲೇ ಹೇಳ್ಬಹುದಿತ್ತು. ಇಷ್ಟು ಜನರೆದುರು..."

"ಅಯ್ಯೋ, ಹಾಗಲ್ಲ!" ಅವನು ಕಿಸೆಯಿಂದ ಪುಟ್ಟ ಕತ್ತರಿ ತೆಗೆದ. "ಆಗ ಕೇಳಿದ್ರಲ್ಲ? ಇದು ನನ್ನ ಹತ್ರವೇ ಇತ್ತು. ಕತ್ತರಿಸಿದ್ರೆ ಮಣಿ ರಸ್ತೆಗೆ ಬೀಳ್ತಿತ್ತು, ನಿಂತ್ರೆ ಜನ ತುಳೀತಿದ್ರು. ಅದಕ್ಕೇ ಬಾಚಿಕೊಂಡು ಒಳಗೆ ಓಡಿದೆ. ನೀವು ಒಂದೊಂದೇ ಮಣಿ ಪೋಣಿಸುದನ್ನು ದಿನಾ ಹಿಂದಿನ ಸೀಟಿಂದ ನೋಡಿದವ ನಾನು. ಮಾತಾಡ್ಲಿಕ್ಕೆ ಧೈರ್ಯ ಬರ್ಲಿಲ್ಲ... ಬೇರೆ ಎಷ್ಟು ಬೇಕಾದ್ರೂ ಮಾರುವ. ಇದನ್ನು ನನಗೆ ಕೊಡಿ. ಯಾರ ಕೈಗೆ ಹಾಕ್ಬೇಕಂತ ನನಗೆ ಗೊತ್ತುಂಟು."

ಹಸ್ನಾಳ ಕೆನ್ನೆ ಕಡುಗೆಂಪು ಮಣಿಯನ್ನೂ ಸೋಲಿಸಿತು. ನೀಲಿ ಅಂಗಿ ಬಸ್ಸು ಹತ್ತದ ದಿನ ಅವಳ ಹೆಣಿಗೆ ತಪ್ಪುತ್ತಿತ್ತು ಎಂಬ ಗುಟ್ಟು ಅವಳಿಗೊಬ್ಬಳಿಗೇ ಗೊತ್ತಿತ್ತು!

"ಅಝರ್!" ಮುಮ್ತಾಝ್ ಮಾಮಿ ಗುಡುಗಿದರು. "ಶೋಕೇಸಿನ ಮೇಲಿನ ಸಾಲು ಇಡೀ ಖಾಲಿ ಮಾಡು, ಅದು ಇವಳ ಬಳೆಗೆ! ಪ್ರಾಪ್ತಿ, ನಿನಗೆ ಬೇರೆ ಹೆಣೆದು ಕೊಡ್ತಾಳೆ. ಉಳಿದ ವಿಷಯ ನಾನು ಇವಳ ಉಮ್ಮನ ಹತ್ರ ಮಾತಾಡ್ತೇನೆ. ಇವಳು ಒಪ್ಪಿದ್ರೆ ಮಾತ್ರ!"

ಎಲ್ಲರೂ ಹಸ್ನಾಳನ್ನೇ ನೋಡಿದರು. ನೂಲಿನ ತುದಿ ಇನ್ನೂ ಅವನ ಬಟನಿನಲ್ಲೇ ಇತ್ತು.

ಅಝರ್ ಕತ್ತರಿ ಚಾಚಿದ. "ಈಗ ಬಿಡಿಸಿಕೊಳ್ಳಿ."

"ಬೇಡ."

"ಹಾಗಾದ್ರೆ ನಾನು ಹೋಗುದು ಹೇಗೆ?"

"ಎಲ್ಲಿಗೆ ಹೋಗ್ಲಿಕ್ಕುಂಟು ನಿಮಗೆ?"

"...ಎಲ್ಲಿಗೂ ಇಲ್ಲ."

ಹಸ್ನಾ ನಕ್ಕಳು. ಬಳೆಯನ್ನೂ ಬಟನನ್ನೂ ಸೇರಿಸಿ ಕೊನೆಯ ಗಂಟು ಬಿಗಿದಳು.