ತಿರುಗಿಸದೆ ಹೊಲಿದ ಸಿರೆ

ತಪ್ಪು ತನ್ನದೇ ಎಂದು ಗೊತ್ತಾದ ಕೂಡಲೇ ಸರ್ಜನ್ ಮೇಡಂ ಮಾಡಿದ ಮೊದಲ ಕೆಲಸವೇನು ಗೊತ್ತೇ? ಮೈಕ್ರೋಸ್ಕೋಪಿನಿಂದ ತಲೆಯೆತ್ತಿ, ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದ್ದು. ಯಾರೂ ಇರಲಿಲ್ಲ. ಸದ್ಯ, ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಮುಖ ಬಿಸಿಯಾಯಿತು.

ಹೃದಯದ ಆಪರೇಷನ್ನಿನಲ್ಲಿ ಕಾಲಿನ ಸಿರೆ ತೆಗೆದು ಧಮನಿಗೆ ಹೊಲಿಯುತ್ತಾರಲ್ಲ, ಕೆಲವು ವರ್ಷಗಳಲ್ಲಿ ಅದರ ಗೋಡೆ ದಪ್ಪಗಾಗಿ ರಕ್ತದ ದಾರಿಯೇ ಕಿರಿದಾಗುತ್ತದೆ. ಅದೇಕೆಂದು ತಿಳಿಯಲು ಇವಳು ಮೊಲದ ಕುತ್ತಿಗೆಯ ಸಿರೆಯನ್ನು ಅಲ್ಲಿಯದೇ ಧಮನಿಗೆ ಹೊಲಿದು, ನಾಲ್ಕು ವಾರದ ನಂತರ ಗೋಡೆ ಅಳೆಯುತ್ತಿದ್ದಳು. ಸಿರೆಯೊಳಗಿನ ಪುಟ್ಟ ಕವಾಟಗಳು ರಕ್ತವನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಹಾಗಾಗಿ ಸಿರೆಯನ್ನು ತಲೆಕೆಳಗು ಮಾಡಿಯೇ ಹೊಲಿಯಬೇಕು. ಮೊದಲ ದಿನವೇ ಹೇಳಿಕೊಡುವ ಪಾಠ ಅದು.

ಏಳನೇ ಮೊಲದ ಸ್ಲೈಡಿನಲ್ಲಿ ಕವಾಟ ರಕ್ತಕ್ಕೆ ಅಡ್ಡಲಾಗಿ ಮುಚ್ಚಿಕೊಂಡು ನಿಂತಿತ್ತು. ಇವಳು ತಿರುಗಿಸಿಯೇ ಇರಲಿಲ್ಲ.

ಅದರ ಆಪರೇಷನ್ ದಿನ ಮೇಜಿನ ಆಚೆ ಲ್ಯಾಬಿನ ಪಶುವೈದ್ಯ ನಿಂತಿದ್ದ. ಮಾಸ್ಕಿನ ಮೇಲೆ ಎರಡು ಕಣ್ಣು, ಅವೂ ನಗುತ್ತಿದ್ದವು. "ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲೀತೀರ. ನಿಮ್ಮ ಕೋಟಿನ ಗುಂಡಿ ಮಾತ್ರ ತಿಂಗಳಿಂದ ನೇತಾಡ್ತಿದೆಯಲ್ರೀ!" ಅಂದಿದ್ದ. ಇವಳಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ ಸಿರೆ ಹೇಗಿತ್ತೋ ಹಾಗೇ ಧಮನಿ ಸೇರಿತು.

ಮೂರನೇ ದಿನ ರಕ್ತ ಹೆಪ್ಪುಗಟ್ಟಿ ಪಾಪದ ಮೊಲ ಸತ್ತುಹೋಯಿತು. ಪ್ರೊಫೆಸರ್ ಕಾರಣ ಕೇಳಿದಾಗ ಇವಳೇ ಬಾಯಿ ಹಾಕಿ, "ಹೆಪ್ಪುಗಟ್ಟದ ಹಾಗೆ ಕೊಡೋ ಇಂಜೆಕ್ಷನ್ ತಪ್ಪಿರ್ಬೇಕು ಸರ್," ಅಂದಳು. ಇಂಜೆಕ್ಷನ್ ಪಶುವೈದ್ಯನ ಕೆಲಸ. ರಿಜಿಸ್ಟರಿನಲ್ಲಿ ಆಪರೇಷನ್ ದಿನದ ಎದುರು ಅವನ ಸಹಿಯೂ ಇರಲಿಲ್ಲ. "ಕೊಟ್ಟ ಹಾಗೇ ನೆನಪು..." ಎಂದು ತಡವರಿಸಿದ. ಅವನು ಆಪರೇಷನ್ ಕೋಣೆಯ ಕೀ ವಾಪಸ್ ಕೊಡಬೇಕಾಯಿತು. ಅಂದಿನಿಂದ ಕಾರಿಡಾರಿನಲ್ಲಿ ಇವಳನ್ನು ಕಂಡರೆ ತಲೆ ತಗ್ಗಿಸಿ ಹೋಗುತ್ತಿದ್ದ. ಕೋಪವಿರಬೇಕು ಅಂದುಕೊಂಡಿದ್ದಳು.

ಎಷ್ಟು ಹೊತ್ತು ಸ್ಲೈಡ್ ನೋಡುತ್ತ ಕೂರುವುದು? ಎದ್ದು ಮೊಲಗಳ ಕೋಣೆಗೆ ಹೋದಳು. ಅವನು ಪಂಜರಗಳಿಗೆ ನೀರಿನ ಬಾಟಲಿ ಸಿಕ್ಕಿಸುತ್ತಿದ್ದ.

"ಡಾಕ್ಟ್ರೇ, ತಪ್ಪು ನಂದು. ಸಿರೆ ತಿರುಗಿಸಿರ್ಲಿಲ್ಲ. ಹಿಂದೆಮುಂದೆ ನೋಡದೆ ನಿಮ್ಮ ತಲೆಗೆ ಕಟ್ಟಿಬಿಟ್ಟೆ."

ಅವನ ಕೈ ನಿಂತಿತು. "ಅಂದ್ರೆ... ನಾನು ಇಂಜೆಕ್ಷನ್ ಕೊಟ್ಟಿದ್ದೆ?"

"ಕೊಟ್ಟಿರ್ತೀರ. ನೀವು ಮರೆಯೋರಲ್ಲ."

"ಐದು ವಾರ ಕಣ್ರೀ! ನಿಮ್ಮ ಕೆಲಸ ಹಾಳು ಮಾಡ್ದೆ ಅಂತ ನಿಮ್ಮ ಮುಖ ನೋಡೋಕೆ ನಾಚಿಕೆ ಆಗ್ತಿತ್ತು ನಂಗೆ!"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಕೋಪವಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು.

"ಸಹಿ ಯಾಕೆ ಮರೆತೆ ಗೊತ್ತಾ?" ಅವನ ದನಿ ಇಳಿಯಿತು. "ಆವತ್ತು ಸಂಜೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಮನಸ್ಸಲ್ಲೇ ಜೋಡಿಸ್ಕೊಳ್ತಿದ್ದೆ. ಮದುವೆ ಮಾತು."

ಅವಳು ನೆಟ್ಟಗೆ ಲ್ಯಾಬಿನ ಮೀಟಿಂಗಿಗೆ ಹೋಗಿ ಹನ್ನೊಂದು ಜನರ ಎದುರು ನಿಂತು ಎಲ್ಲವನ್ನೂ ಹೇಳಿದಳು. ನಕ್ಕಿದ್ದನ್ನೂ ಬಿಡಲಿಲ್ಲ. ಯಾರೋ ಕೆಮ್ಮಿದರು. ಪ್ರೊಫೆಸರ್ ಕನ್ನಡಕ ತೆಗೆದು, "ಏಳನೇ ಮೊಲದ ವಿಷಯ ಪೇಪರಿನಲ್ಲಿ ಹೀಗೇ ಬರೀಬೇಕು. ಅವರ ಕೀ ಅವರಿಗೆ ಕೊಡಿ," ಅಂದರು.

ಹೊರಗೆ ಬಂದರೆ ಅವನು ಬಾಗಿಲ ಪಕ್ಕದಲ್ಲೇ ಇದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಈಗ ಕೇಳಿ," ಅಂದಳು, ನೆಲ ನೋಡುತ್ತ.

"ಇವತ್ತು ಆಗಲ್ಲ. ಇವತ್ತು ನಿಮ್ಮ ಮೇಲೆ ವಿಪರೀತ ಸಿಟ್ಟಿದೆ."

ನಾಲ್ಕು ಹೆಜ್ಜೆ ಹೋದವನು ನಿಂತು ತಿರುಗಿದ.

"ನಾಳೆ ಕೇಳ್ತೀನಿ. ರಜೆ ಹಾಕ್ಬೇಡಿ."